ಸಂಪಗಾಂವದ ಎರಡನೇ ಹೆಸರು

ಹುಸೇನಪೀರನಿಗೆ ನಲವತ್ತಾರು ವರ್ಷ. ಅದರಲ್ಲಿ ಇಪ್ಪತ್ತನಾಲ್ಕನ್ನು ಅವನು ಸಂಪಗಾಂವದ ವೆಂಕಣ್ಣ ರಾಯರ ಟ್ರ್ಯಾಕ್ಟರಿನ ಮೇಲೆಯೇ ಕಳೆದಿದ್ದ. ಕಬ್ಬು ತುಂಬಿದ ಎರಡು ಟ್ರೇಲರ್‌ಗಳನ್ನು ಒಂದರ ಹಿಂದೊಂದು ಕಟ್ಟಿಕೊಂಡು ಮುಂದಕ್ಕೆ ಹೋಗುವುದು ಯಾರಿಗಾದರೂ ಬಂದೀತು. ಅವನ್ನೇ ಹಿಂದಕ್ಕೆ ತರುವುದು ಸಾವಿರಕ್ಕೊಬ್ಬನಿಗೆ. ಸ್ಟೇರಿಂಗ್ ಒಂದು ಬೆರಳಿನಷ್ಟು ಹೆಚ್ಚು ತಿರುಗಿದರೂ ಹಿಂದಿನ ಟ್ರೇಲರ್ ಅಡ್ಡ ಮಲಗಿಬಿಡುತ್ತದೆ. ಬೈಲಹೊಂಗಲದಿಂದ ಕಿತ್ತೂರಿನವರೆಗೆ ಚಾಲಕರು ರಿವರ್ಸ್ ಎಂದರೆ ಹುಸೇನಪೀರನ ಹೆಸರು ಹೇಳುತ್ತಿದ್ದರು. ಊರಿನ ಯುವಕ ಮಂಡಳ ಪ್ರತಿ ಬೇಸಿಗೆಯಲ್ಲಿ ನಡೆಸುವ ಟ್ರ್ಯಾಕ್ಟರ್ ರಿವರ್ಸ್ ಪಂದ್ಯದಲ್ಲಿ ಮೂರು ವರ್ಷದಿಂದ ಮೊದಲ ಬಹುಮಾನದ ಢಾಲು ಅವನ ಮನೆಯ ಗೂಡಿಗೇ ಬಂದು ಕೂಡುತ್ತಿತ್ತು.

ಆ ಸಲದ ಸುಗ್ಗಿಗೆ ರಾಯರು ಎರಡನೇ ಟ್ರ್ಯಾಕ್ಟರಿಗೆಂದು ಹೊಸ ಚಾಲಕನನ್ನು ಕರೆಸಿದರು. ಹೆಸರು ದಾವಲಸಾಬ ಸಿದ್ದಿ. ಹಳಿಯಾಳದ ಕಡೆಯವನು, ಮೂವತ್ತರ ಪ್ರಾಯ. ಕಡುಗಪ್ಪು ಮೈ, ಒತ್ತೊತ್ತಾದ ಗುಂಗುರು ಕೂದಲು, ಬಾಗಿಲು ತುಂಬುವ ಭುಜ. ಜೊತೆಗೆ ಹೆಂಡತಿ ಬೀಬಿಜಾನ, ಮೂರನೇ ಇಯತ್ತೆ ಓದುವ ಮಗಳು ಸಾಯಿರಾ. ಅವನ ಹಿರಿಯರನ್ನು ಎಷ್ಟೋ ನೂರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರಂತೆ. ಆಫ್ರಿಕಾದ ಬಗ್ಗೆ ದಾವಲಸಾಬನಿಗೆ ಗೊತ್ತಿದ್ದದ್ದು ಅಷ್ಟೇ.

ಮೊದಲ ವಾರ ಹುಸೇನಪೀರ ಅವನನ್ನು ಕಣ್ಣೆತ್ತಿಯೂ ನೋಡಲಿಲ್ಲ. ಎರಡನೇ ವಾರ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಒಂದು ಲಾರಿಯ ಆಕ್ಸಲ್ ಮುರಿದು ದಾರಿ ಕಟ್ಟಿತು. ಹಿಂದೆ ನಿಂತವರೆಲ್ಲ ಗೋಡೆಗೂ ಲಾರಿಗಳ ಸಾಲಿಗೂ ನಡುವಿನ ಸಂದಿಯಲ್ಲಿ ತುಂಬಿದ ಟ್ರೇಲರ್ ಸಮೇತ ಹಿಂದಕ್ಕೆ ಹೋಗಬೇಕಾಯಿತು. ಕೊನೆಯಲ್ಲಿದ್ದ ದಾವಲಸಾಬನದೇ ಮೊದಲ ಸರದಿ. ಅವನು ಸೀಟಿನ ಮೇಲೆ ಅರ್ಧ ತಿರುಗಿ ಕೂತ, ಎಡಗೈಯನ್ನು ಮಡ್‌ಗಾರ್ಡ್ ಮೇಲಿಟ್ಟ, ಬಲಗೈಯೊಂದರಲ್ಲೇ ಸ್ಟೇರಿಂಗ್ ಹಿಡಿದು ಒಂದೇ ಉಸಿರಿಗೆ ಹೊರಬಿದ್ದ. ಕಬ್ಬಿನ ಒಂದು ಗರಿಯೂ ಗೋಡೆಗೆ ತಾಗಲಿಲ್ಲ. ಚಾಲಕರು ಸಿಳ್ಳೆ ಹೊಡೆದರು.

ಆಮೇಲೆ ಹುಸೇನಪೀರನ ಸರದಿ. ಅವನು ಎರಡು ಸಲ ಮುಂದೆ ಬಂದು ಟ್ರೇಲರ್ ನೆಟ್ಟಗೆ ಮಾಡಿಕೊಳ್ಳಬೇಕಾಯಿತು. ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ಅಂದು ಅವನ ಹೊಟ್ಟೆಯಲ್ಲಿ ಕೆಂಡ ಬಿತ್ತು. ರಾಯರು ಹೊಸ ಟ್ರ್ಯಾಕ್ಟರ್ ತಂದು, "ದಾವಲ, ಇದನ್ನ ನೀ ನಡಸು. ಹುಸೇನಗ ಹಳೇದು ಕೈಗೆ ಕುಂತದ," ಎಂದಾಗ ಆ ಕೆಂಡಕ್ಕೆ ಗಾಳಿ ಹಾಕಿದಂತಾಯಿತು. ಮನೆಗೆ ಬಂದರೆ ಹೆಂಡತಿ ಅನ್ವರಬಿ, "ಬೀಬಿಜಾನ ಮೀನಿನ ಸಾರು ಕೊಟ್ಟಾಳ್ರೀ, ಉಂಡು ನೋಡ್ರಿ," ಎಂದು ಬಟ್ಟಲು ಮುಂದಿಟ್ಟಳು. ಸಾರು ಬಹಳ ರುಚಿಯಾಗಿತ್ತು. ಅದಕ್ಕೂ ಅವನಿಗೆ ಸಿಟ್ಟು ಬಂತು. ಒಂದು ಮಧ್ಯಾಹ್ನ ಯಾರೂ ಇಲ್ಲದ ಹೊಲದಲ್ಲಿ ಒಂದೇ ಕೈಯಲ್ಲಿ ರಿವರ್ಸ್ ಮಾಡಲು ಹೋಗಿ ಟ್ರೇಲರನ್ನು ಬದುವಿಗೆ ಹತ್ತಿಸಿದ. ಅದನ್ನು ಇಳಿಸುವಷ್ಟರಲ್ಲಿ ಅಂಗಿಯೆಲ್ಲ ಬೆವರು.

ಮರುದಿನ ಚಹಾದಂಗಡಿಯಲ್ಲಿ ನಾಲ್ಕು ಜನ ದಾವಲಸಾಬನ ಕೈಚಳಕ ಹೊಗಳುತ್ತ ಕೂತಿದ್ದರು. ಹುಸೇನಪೀರನ ಬಾಯಿಂದ ಮಾತು ಜಾರಿತು.

"ಅಲ್ರೋ, ಅಂವ ಎಲ್ಲ್ಯಾಂವ ಅಂತ ಯಾರರ ಕೇಳೀರೇನು? ಹಳಿಯಾಳ ಅಂತಾನ. ಹಳಿಯಾಳದಾಗ ಇಂಥಾ ಮಂದಿ ಇರ್ತಾರೇನು? ಆಫ್ರಿಕಾದಿಂದ ಕದ್ದು ಬಂದು ಕುಂತಿದ್ರ ನಮಗ ಹೆಂಗ ಗೊತ್ತಾಗಬೇಕು?"

ಹಳಿಯಾಳದ ಸಂತೆಯಲ್ಲಿ ಸಿದ್ದಿ ಜನರನ್ನು ಅವನೇ ಎಷ್ಟೋ ಸಲ ಕಂಡಿದ್ದ. ಆದರೂ ಅಂದ. ಅಂದು, ಚಹಾ ಕುಡಿದು ಎದ್ದುಹೋದ.

ಆ ಮಾತು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ವಾರದೊಳಗೆ ದಾವಲಸಾಬನ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿತು. ನಲ್ಲಿಯ ಹತ್ತಿರ ಬೀಬಿಜಾನಳ ಕೊಡವನ್ನು ಸರದಿಯಿಂದ ಹೊರಗಿಟ್ಟರು. ಜುಮ್ಮಾ ನಮಾಜಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಾದವರು ಅವನ ಎರಡೂ ಪಕ್ಕ ಒಂದು ಗೇಣು ಜಾಗ ಬಿಟ್ಟರು. ಸಾಲೆಯಲ್ಲಿ ಮಕ್ಕಳು ಸಾಯಿರಾಳ ಕೂದಲು ಜಗ್ಗಿ "ಆಫ್ರಿಕಾ, ಆಫ್ರಿಕಾ" ಎಂದು ಕುಣಿದರು. ಬಸ್ ಸ್ಟ್ಯಾಂಡಿನಲ್ಲಿ ಮೀಸೆ ಮೂಡದ ಇಬ್ಬರು ಹುಡುಗರು ದಾವಲಸಾಬನ ಮೋಟಾರ್‌ಸೈಕಲ್ ತಡೆದು ಆಧಾರ್ ಕಾರ್ಡ್ ಕೇಳಿದರು. ಅವನು ಅಂಗಿಯ ಕಿಸೆಯಿಂದ ಕಾರ್ಡ್ ತೆಗೆದು, "ನೋಡ್ರಿ" ಎಂದು ಹಿಡಿದ. ಎದುರಿಗೆ ನಿಂತಿದ್ದ ಹುಸೇನಪೀರನಿಗೆ ಮೊದಲು ಖುಷಿಯಾಯಿತು. ಅವರು ಕೇಳದೆಯೇ ಅವನು ಮಗಳ ಕಾರ್ಡನ್ನೂ ತೆಗೆದು ತೋರಿಸಿದ್ದು ಕಂಡ ಮೇಲೆ ಖುಷಿ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮಾರ್ಚ್‌ನಲ್ಲಿ ಪಂದ್ಯ ಬಂತು. ದಾವಲಸಾಬ ಹೆಸರು ಬರೆಸಲು ಹೋದಾಗ ಯುವಕ ಮಂಡಳದ ಅಧ್ಯಕ್ಷ ಸುಭಾಸ, "ಊರವರಿಗೆ ಅಷ್ಟ ಐತ್ರಿ ಈ ಸಲ," ಎಂದು ವಹಿ ಮುಚ್ಚಿದ. ಹುಸೇನಪೀರ ಗೆದ್ದ. ಹಾರ ಹಾಕಿದರು, ಹಲಗೆ ಬಾರಿಸಿದರು. ಢಾಲು ಹಿಡಿದು ಮೆಟ್ಟಿಲು ಇಳಿಯುವಾಗ ಗುಂಪಿನಲ್ಲಿ ಯಾರೋ ಯಾರಿಗೋ ಅಂದರು: "ಆ ಸಿದ್ದಿ ಓಡಿಸಿದ್ರ ಹುಸೇನಣ್ಣಂದು ನಡೀತಿದ್ದಿಲ್ಲ ಬಿಡು."

ಅಷ್ಟು ಸಾಕಾಯಿತು. ದಾವಲಸಾಬ ಪಂದ್ಯಕ್ಕೆ ಬರದೆಯೇ ಗೆದ್ದುಬಿಟ್ಟಿದ್ದ. ಇನ್ನು ಅವನನ್ನು ಸೋಲಿಸುವ ದಾರಿಯೇ ಇರಲಿಲ್ಲ.

ಮನೆಯಲ್ಲಿ ಅನ್ವರಬಿ ಢಾಲನ್ನು ಕೈಯಲ್ಲಿ ಹಿಡಿದು ನಿಂತಳು. "ಎಲ್ಲಿ ಇಡ್ಲಿ?"

"ಗೂಡಿನ್ಯಾಗ ಇಡು. ಮೂರು ಅದಾವಲ್ಲ, ಬಾಜೂಕ."

"ಆ ಮೂರು ಗೆದ್ದು ಬಂದಾವು. ಅವುಕ್ಕ ನಾಚಿಕಿ ಆದೀತು," ಎಂದು ಅದನ್ನು ನೆಲದ ಮೇಲಿಟ್ಟಳು. "ಆ ಮಾತು ಯಾರ ಬಾಯಾಗ ಹುಟ್ಟಿತು ಅಂತ ನನಗ ಗೊತ್ತೈತ್ರಿ. ಬೀಬಿಜಾನಗ ಇನ್ನೂ ಗೊತ್ತಿಲ್ಲ. ಅಕಿ ಮುಂದ ನಾ ಹೆಂಗ ಮುಖ ಎತ್ತಲಿ?"

ಅವನು ಆವತ್ತು ಊಟ ಮಾಡಲಿಲ್ಲ.

ಹದಿನೈದು ದಿನಕ್ಕೆ ಸವದತ್ತಿ ತಾಲೂಕಿನ ಸಿರಸಂಗಿಯಲ್ಲಿ ದೊಡ್ಡ ಪಂದ್ಯವಿತ್ತು. ರಾಮದುರ್ಗದಿಂದಲೂ ಚಾಲಕರು ಬರುವವರಿದ್ದರು. ಒಂದು ಊರಿಂದ ಎರಡೇ ಹೆಸರು, ಅದೂ ಊರಿನ ಮಂಡಳದ ಪತ್ರದ ಮೇಲೆ. ಹುಸೇನಪೀರ ಚಹಾದಂಗಡಿಗೆ ಹೋದ. ಸುಭಾಸ ಅಲ್ಲೇ ಗೆಳೆಯರೊಂದಿಗೆ ಕೂತಿದ್ದ.

"ಎರಡನೇ ಹೆಸರು ದಾವಲಸಾಬಂದು ಬರಿ."

ಸುಭಾಸ ನಕ್ಕ. "ಏನ್ ಹುಸೇನಣ್ಣಾ, ಅಂವ ಆಫ್ರಿಕಾದಾಂವ ಅಂತ ನೀವ ಅಂದಿದ್ರೆಲ್ಲಾ?"

"ಅಂದಿದ್ದೆ. ಸುಳ್ಳ ಅಂದಿದ್ದೆ."

"ಯಾಕ?"

ಬೆಂಚಿನ ಮೇಲಿದ್ದ ಏಳೆಂಟು ಜನ ಚಹಾದ ಕಪ್ಪು ಕೆಳಗಿಟ್ಟು ನೋಡಿದರು.

"ಹೊಟ್ಟಿಕಿಚ್ಚಿಗೆ. ಇನ್ನೇನು? ನನಕಿಂತ ಚಲೋ ಓಡಸ್ತಾನ ಅಂತ ಸಂಕಟ ಆತು, ಬಾಯಿಗೆ ಬಂದಿದ್ದು ಅಂದೆ. ಅಂವ ಹಳಿಯಾಳದಾಂವ. ಈಗ ನಮ್ಮೂರಾಂವ. ಬರೀಲಿಲ್ಲಂದ್ರ ನನ್ನ ಹೆಸರೂ ಹೊಡದು ಹಾಕು."

ಸುಭಾಸನಿಗೆ ಊರಿನ ಮೊದಲ ಚಾಲಕನಿಲ್ಲದೆ ಸಿರಸಂಗಿಗೆ ಹೋಗುವುದು ಆಗದ ಮಾತು. ಬರೆದ.

ಅಲ್ಲಿಂದ ಹುಸೇನಪೀರ ನೇರ ದಾವಲಸಾಬನ ಮನೆಗೆ ನಡೆದ. ಬಾಗಿಲಲ್ಲಿ ಟ್ರಂಕು, ಅದಕ್ಕೆ ಹಗ್ಗ ಬಿಗಿಯುತ್ತ ಕೂತ ದಾವಲಸಾಬ.

"ಎಲ್ಲಿಗೆ?"

"ಊರಿಗ್ರಿ. ರಾಯರಿಗೆ ಹೇಳೇನಿ. ಗುರುವಾರ ಹೋಗ್ತೇವಿ."

ಹುಸೇನಪೀರ ನಿಂತಲ್ಲೇ ಎಲ್ಲವನ್ನೂ ಹೇಳಿದ: ಚಹಾದಂಗಡಿಯ ಮೊದಲ ಮಾತು, ಇವತ್ತಿನ ಮಾತು, ಸಿರಸಂಗಿಯ ಪಂದ್ಯ. ಕೊನೆಗೆ, "ನಾ ನಿನ್ನ ಮ್ಯಾಲಿನ ಪ್ರೀತಿಗೆ ಬಂದಿಲ್ಲಪಾ. ನಿನ್ನ ಸೋಲಿಸಬೇಕು ಅಂತ ಬಂದೇನಿ. ನೀ ಹೋದ್ರ ಅದು ಹಂಗ ಉಳೀತದ," ಎಂದ.

ಒಳಗೆ ಪಾತ್ರೆ ಸದ್ದು ನಿಂತಿತು. ಬೀಬಿಜಾನ ಕೇಳಿಸಿಕೊಂಡಿದ್ದಳು. ದಾವಲಸಾಬ ಹಗ್ಗದ ಗಂಟನ್ನು ಬಿಡಲಿಲ್ಲ.

"ಹೊಟ್ಟಿಕಿಚ್ಚು ನನಗೂ ಐತಿ, ಹುಸೇನಭಾಯಿ," ಎಂದ ನಿಧಾನಕ್ಕೆ.

"ನಿನಗ್ಯಾಕ?"

"ನೀವು ಯಾವ ಊರಾಗ ಇಳದ್ರೂ ಯಾರೂ ನಿಮ್ಮನ್ನ ತಡದು ಕೇಳಂಗಿಲ್ಲ. ನನ್ನ ಅಜ್ಜ, ಮುತ್ತ್ಯಾ ಎಲ್ಲಾ ಇದ ಮಣ್ಣಾಗ ಅದಾರ. ಆದ್ರೂ ನನ್ನ ಮಗಳು ಇಲ್ಲ್ಯಾಕಿ ಅನಿಸಿಕೊಳ್ಳಾಕ ನಾ ಕನ್ನಡ ಕಲಿಸಿದ್ದು ಸಾಕಾಗಂಗಿಲ್ಲ." ಹಗ್ಗವನ್ನು ಇನ್ನೊಂದು ಸುತ್ತು ಬಿಗಿದ. "ಸಾಯಿರಾ ಸಾಲಿ ಬಿಟ್ಟು ಎಂಟು ದಿನ ಆತು. ಮೊದಲ ಅದನ್ನ ನೋಡ್ರಿ. ಪಂದ್ಯದ ಮಾತು ಆಮ್ಯಾಲ."

ಮರುದಿನ ಬೆಳಿಗ್ಗೆ ಹುಸೇನಪೀರ ಸಾಯಿರಾಳನ್ನು ಸಾಲೆಗೆ ಕರೆದೊಯ್ದ. ಹುಡುಗಿ ಅವನ ಕೈ ಹಿಡಿಯಲಿಲ್ಲ. ನಾಲ್ಕು ಹೆಜ್ಜೆ ಮುಂದೆ, ಪಾಟಿಚೀಲವನ್ನು ಎದೆಗೆ ಅವಚಿಕೊಂಡು ನಡೆದಳು. ಗೇಟಿನಲ್ಲಿ ಮಕ್ಕಳು ಶುರು ಮಾಡಿದಾಗ ಅವನು ಗದರಿದ. ಆಮೇಲೆ ಒಳಗೆ ಹೋಗಿ ಶೀತಲ ಟೀಚರಿಗೆ, "ಈ ಹುಡುಗಿ ಬಗ್ಗೆ ಹುಡುಗ್ರು ಅನ್ನೂ ಮಾತು ನನ್ನಿಂದ ಹೊಂಟದ್ದು ಟೀಚರ. ತಪ್ಪು ನಂದೈತಿ," ಎಂದ. ಟೀಚರು ಅವನನ್ನು ತರಗತಿಯ ಮುಂದೆ ನಿಲ್ಲಿಸಿ ಅದನ್ನೇ ಮತ್ತೊಮ್ಮೆ ಹೇಳಿಸಿದರು. ನಲವತ್ತಾರು ವರ್ಷದಲ್ಲಿ ಅವನು ಅಷ್ಟು ಸಣ್ಣವನಾಗಿ ನಿಂತದ್ದಿಲ್ಲ. ಐದು ದಿನ ಅವಳನ್ನು ತಾನೇ ಸಾಲೆಗೆ ಬಿಟ್ಟುಬಂದ. ಗುರುವಾರ ಬಂತು, ಹೋಯಿತು. ಟ್ರಂಕು ಮತ್ತೆ ಒಳಗೆ ಹೋಗಿತ್ತು.

ಸಿರಸಂಗಿಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದಿದ್ದರು. ನಡುವೆ ಒಂದು ಕಷ್ಟದ ತಿರುವು. ಹುಸೇನಪೀರ ತನ್ನ ಹಳೆಯ ಟ್ರ್ಯಾಕ್ಟರಿನಲ್ಲಿ, ಎರಡೂ ಕೈ ಬಿಗಿಹಿಡಿದು, ಗೆರೆ ಮುಟ್ಟದೆ ಒಂದು ನಿಮಿಷ ನಲವತ್ತೆಂಟು ಸೆಕೆಂಡಿಗೆ ಮುಗಿಸಿದ. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಓಡಿಸಿರಲಿಲ್ಲ. ಇಳಿದಾಗ ಕಾಲು ಹಗುರವಾಗಿದ್ದವು. ಇವತ್ತು ನಂದೇ ಅಂದುಕೊಂಡ.

"ಸಂಪಗಾಂವದ ಎರಡನೇ ಹೆಸರು, ದಾವಲಸಾಬ ಸಿದ್ದಿ!" ಎಂದು ಮೈಕು ಕೂಗಿತು. ರಾಯರು ಕಳಿಸಿದ್ದ ಹೊಸ ಟ್ರ್ಯಾಕ್ಟರನ್ನು ಬಿಟ್ಟು ದಾವಲಸಾಬ ಹುಸೇನಪೀರನ ಹಳೆಯದನ್ನೇ ಕೇಳಿದ. "ಒಂದ ಗಾಡಿ ಇರ್ಲಿ. ಆಮ್ಯಾಲ ಮಾತು ಬ್ಯಾಡ," ಎಂದ. ಹುಸೇನಪೀರ ಕೀಲಿ ಕೊಟ್ಟ. ಕೊಡುವಾಗಲೇ ತಾನು ಸೋತೆ ಎಂದು ಗೊತ್ತಾಯಿತು.

ಒಂದು ನಿಮಿಷ ಮೂವತ್ತೊಂಬತ್ತು ಸೆಕೆಂಡು. ಸುಭಾಸ ಟವೆಲ್ ಬೀಸಿ, "ಸಂಪಗಾಂವ! ಸಂಪಗಾಂವ!" ಎಂದು ಗಂಟಲು ಹರಿಯುವಂತೆ ಕೂಗಿದ. ಆಧಾರ್ ಕಾರ್ಡ್ ಕೇಳಿದ್ದ ಹುಡುಗರಿಬ್ಬರೂ ದಾವಲಸಾಬನನ್ನು ಹೆಗಲ ಮೇಲೆ ಹೊರಲು ಹೋಗಿ, ಭಾರ ತಾಳದೆ ಇಳಿಸಿದರು. ದಾವಲಸಾಬ ಅವರ ಮುಖ ನೋಡಿದನೇ ಹೊರತು ನಗಲಿಲ್ಲ.

ಮರಳುವಾಗ ಹೊಸದನ್ನು ಸುಭಾಸನ ಕೈಗೆ ಕೊಟ್ಟು ಇಬ್ಬರೂ ಹಳೆಯ ಟ್ರ್ಯಾಕ್ಟರಿನಲ್ಲಿದ್ದರು. ಹುಸೇನಪೀರ ಓಡಿಸುತ್ತಿದ್ದ, ದಾವಲಸಾಬ ಮಡ್‌ಗಾರ್ಡ್ ಮೇಲೆ ಢಾಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮುನವಳ್ಳಿ ದಾಟಿದರೂ ಹುಸೇನಪೀರನ ಹೊಟ್ಟೆಯ ಕೆಂಡ ಹಾಗೆಯೇ ಇತ್ತು. ಸೋತರೆ ಆರಬಹುದು ಅಂದುಕೊಂಡಿದ್ದ, ಆರಿರಲಿಲ್ಲ.

"ಆ ತಿರುವಿನ್ಯಾಗ ಸ್ಟೇರಿಂಗ್ ಯಾವಾಗ ವಾಪಸ್ ಬಿಟ್ಟಿ?" ಎಂದ ಕೊನೆಗೆ, ರಸ್ತೆಯಿಂದ ಕಣ್ಣು ತೆಗೆಯದೆ.

"ಹೇಳಿದ್ರ ತಿಳಿಯಂಗಿಲ್ರಿ. ನಾಳೆ ಮುಂಜಾನೆ ಹೊಲಕ್ಕ ಬರ್ರಿ, ತೋರಸ್ತೇನಿ."

ತನಗಿಂತ ಹದಿನಾರು ವರ್ಷ ಚಿಕ್ಕವನ ಹತ್ತಿರ ಕಲಿಯುವುದೇ? ಹುಸೇನಪೀರ ಗೇರು ಬದಲಿಸಿದ. ಆದರೆ ಮರುದಿನ ಬೆಳಿಗ್ಗೆ ಅನ್ವರಬಿ ರೊಟ್ಟಿ ಬಡಿಯುವ ಮೊದಲೇ ಅವನು ಹೊಲದಲ್ಲಿದ್ದ. ಯಾರ ಕಣ್ಣಿಗೂ ಬೀಳದಿರಲೆಂದು ಮೋಟಾರ್‌ಸೈಕಲನ್ನು ಕಬ್ಬಿನ ಮರೆಯಲ್ಲಿ ನಿಲ್ಲಿಸಿದ್ದ.