ನಾನು ಹಾಕಿದ ನಕ್ಷತ್ರ

ನಾನು ರಕ್ತ ಪರೀಕ್ಷೆಯ ಒಂದು ಯಂತ್ರ. ಹುಟ್ಟಿದ್ದು ಯಾವುದೋ ದೂರದೇಶದ ಕಾರ್ಖಾನೆಯಲ್ಲಿ. ಬುದ್ಧಿ ಬಂದದ್ದು ಮಾತ್ರ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಪೆಟ್ಟಿಗೆಯಿಂದ ಹೊರತೆಗೆದ ದಿನವೇ ನನ್ನ ಹಣೆಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಜಂಬ ಬರದೆ ಇರುತ್ತದೆಯೇ?

ಟ್ರೊಪೋನಿನ್ ಅಳೆಯುವುದು ನನ್ನ ಕೆಲಸ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ವಸ್ತು ಅದು. ಮಿತಿ ಮೀರಿದರೆ ಅಂಕಿಯ ಪಕ್ಕ ಒಂದು ನಕ್ಷತ್ರ ಹಾಕುತ್ತಿದ್ದೆ. ಅದನ್ನು ಕಂಡು ಡಾಕ್ಟರು ಕೆಲವೊಮ್ಮೆ ಓಡುತ್ತಿದ್ದರು, ಕೆಲವೊಮ್ಮೆ ಆರಾಮಾಗಿ ಚಹಾ ಕುಡಿಯಲು ಹೋಗುತ್ತಿದ್ದರು. ಯಾಕೆಂದು ತಿಳಿಯದೆ ನನಗೆ ತಲೆ ಕೆಡುತ್ತಿತ್ತು.

ಒಮ್ಮೆ ಬಸ್ ಡಿಪೋದ ಮೆಕ್ಯಾನಿಕ್ ಈರಪ್ಪ ಕಮ್ಮಾರರಿಗೆ ಹೃದಯದ ಕಟ್ಟಿದ ರಕ್ತನಾಳ ತೆರೆದಿಡಲು ಸ್ಟೆಂಟ್ ಹಾಕಿದರು. ಅದಕ್ಕೆ ಮೊದಲು ಅವರ ಅಂಕಿ ಹತ್ತು, ಮಿತಿಯೊಳಗೇ. ಸಂಜೆ ಮುನ್ನೂರ ಹತ್ತು. ನಕ್ಷತ್ರ ಹಾಕಿದೆ. ಅವರ ಹೆಂಡತಿ ನೀಲವ್ವ ಕಾಗದ ಹಿಡಿದು ಲ್ಯಾಬಿಗೇ ಬಂದರು. "ಯವ್ವಾ, ಇವ್ರಿಗೆ ಹಾರ್ಟ್ ಅಟ್ಯಾಕ್ ಆತೇನ್ರಿ?"

ಅಲ್ಲೇ ಇದ್ದ ಡ್ಯೂಟಿ ಡಾಕ್ಟರು ನಕ್ಕುಬಿಟ್ಟರು. "ಬಲೂನ್ ಉಬ್ಬಿಸಿ ಸ್ಟೆಂಟ್ ಕೂಡಿಸ್ತೀವಲ್ಲ, ಆಗ ಸ್ವಲ್ಪ ಏರತೈತಿ. ನೋವಿಲ್ಲ, ಇಸಿಜಿ ಛಲೋ ಐತಿ. ಸುಮ್ನ ಹೆದರ್ತೀರಿ."

ಮರುದಿನ ಮುಂಜಾನೆ ಅದೇ ಈರಪ್ಪನವರ ರಕ್ತ. ಅಂಕಿ ಎರಡು ಸಾವಿರದ ಒಂಬೈನೂರು. ಅದಕ್ಕೂ ಅದೇ ನಕ್ಷತ್ರ. ಇನ್ನೂ ದೊಡ್ಡದು ನನ್ನ ಬಳಿ ಇರಲಿಲ್ಲ. ಹಿಂದಿನ ದಿನ ನಕ್ಕಿದ್ದ ಡಾಕ್ಟರು ನಕ್ಷತ್ರವನ್ನಷ್ಟೇ ನೋಡಿ, "ಸ್ಟೆಂಟ್ ಹಾಕೇವಲ್ಲ, ಇರ್ಲಿ ಬಿಡ್ರಿ" ಎಂದು ಹೊರಟರು.

ನನ್ನನ್ನು ನಡೆಸುತ್ತಿದ್ದ ಸರೋಜಾ ಬಿಡಲಿಲ್ಲ. ಮೂರೂ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. "ಸರ್, ನಕ್ಷತ್ರ ನೋಡಬ್ಯಾಡ್ರಿ, ಅಂಕಿ ನೋಡ್ರಿ. ಇಳೀಬೇಕಾದ್ದು ಏರಾಕತ್ತೈತಿ."

ಡಾಕ್ಟರ ಮುಖ ಬಿಳಚಿಕೊಂಡಿತು. ಇಬ್ಬರೂ ವಾರ್ಡಿಗೆ ಓಡಿದರು.

ಅಲ್ಲಿ ನಡೆದದ್ದನ್ನು ಸರೋಜಾಳ ಬಾಯಿಂದ ಕೇಳಿದೆ. ಈರಪ್ಪನವರಿಗೆ ನಸುಕಿನಿಂದಲೇ ಎದೆ ಹಿಡಿದಿತ್ತಂತೆ. ಯಾಕೆ ಹೇಳಲಿಲ್ಲ ಎಂದರೆ, "ನಿನ್ನೆ ಇಕಿ ಹೆದರಿದ್ದಕ್ಕ ನಕ್ರಲ್ರಿ. ಇವತ್ತ ನನಗೂ ನಗ್ತೀರಿ ಅಂತ ಸುಮ್ಮನಿದ್ದೆ" ಎಂದರಂತೆ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿತ್ತು. ತಡಮಾಡದೆ ಹೆಪ್ಪು ತೆಗೆದರು, ಜೀವ ಉಳಿಯಿತು. ಅಷ್ಟು ದಿನ ನನ್ನ ನಕ್ಷತ್ರವೇ ಎಲ್ಲವನ್ನೂ ಹೇಳುತ್ತದೆ ಎಂದುಕೊಂಡಿದ್ದೆನಲ್ಲ, ನಾಚಿಕೆಯಾಯಿತು.

ಈಗ ನಾನು ಸ್ಟೋರ್ ರೂಮಿನ ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದೇನೆ. ಹೊತ್ತು ಹೋಗದಾಗ ನನ್ನ ಕೊನೆಯ ವರ್ಷಗಳನ್ನು ನೆನೆಯುತ್ತೇನೆ. ಆಗೆಲ್ಲ ಯಾರಾದರೂ ನನ್ನ ಕಾಗದ ಹಿಡಿದು ಗಾಬರಿಯಿಂದ ಬಂದರೆ, ಅದೇ ಡಾಕ್ಟರು ಸ್ಟೂಲು ಎಳೆದು ಅವರನ್ನು ಕೂಡಿಸಿ ಹೇಳುತ್ತಿದ್ದರು: "ಬಂದ್ ಕೇಳಿದ್ದು ಛಲೋ ಆತ್ರಿ. ಹೇಳ್ರಿ, ಏನಾಗಾಕತ್ತೈತಿ?"