ಹೇರ್‌ಪಿನ್ನಿನ ಗೀರು

ಗೀರು ಕಂಡರೆ ಸಾಕು, ಉಜ್ಜಪ್ಪನಿಗೆ ಕೈ ತುರಿಸುತ್ತಿತ್ತು. ಅಕ್ರಿಲಿಕ್ ಪ್ಲಾಸ್ಟಿಕ್ಕಿಗೆ ಪಾಲಿಶ್ ಹಾಕುವುದರಲ್ಲೇ ಇಪ್ಪತ್ತೆರಡು ವರ್ಷ ಸವೆಸಿದ ಮನುಷ್ಯ. ನಿಜವಾದ ಹೆಸರನ್ನು ಹೆಂಡತಿಯೂ ಮರೆತಿದ್ದಳು. ಊಟಕ್ಕೆ ಕರೆದವರ ಮನೆಯಲ್ಲೂ ಅವನು ಮೊದಲು ನೋಡುತ್ತಿದ್ದುದು ಮೇಜಿನ ಮೇಲಿನ ಗೀರನ್ನೇ.

ಹಾಗಾಗಿ ಭಾವ ಫೋನ್ ಮಾಡಿ, "ನಿಮ್ಮಕ್ಕ ದಿನವಿಡೀ ಆ ಅಕ್ವೇರಿಯಂ ಮುಂದೇ ಕೂತಿರ್ತಾಳೆ. ಗೀರಿನ ಮೇಲೆ ಬೆರಳಾಡಿಸ್ತಾ ಇರ್ತಾಳೆ. ಊಟ ಇಲ್ಲ, ಮಾತಿಲ್ಲ. ನಾಳೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ, ಅಷ್ಟರಲ್ಲಿ ಅಳಿಸಿಬಿಡಪ್ಪ," ಎಂದಾಗ ಅವನು ಎರಡು ಮಾತಾಡಲಿಲ್ಲ. ಅಕ್ಕನನ್ನು ಒಂದು ಮಾತು ಕೇಳೋಣ ಎಂದು ಆ ಬುದ್ಧಿವಂತನಿಗೆ ತೋಚಲೇ ಇಲ್ಲ.

ಗೀರು ಎಳೆದವಳು ಅಕ್ಕನ ಮಗಳು ಪುಟ್ಟಿ. ಐದು ವರ್ಷದವಳು. ಕೆಂಪು ಮೀನು ಹೋದ ಹೋದ ಕಡೆಯೆಲ್ಲ ಹೊರಗಿನಿಂದ ಹೇರ್‌ಪಿನ್ನಿನಲ್ಲಿ ಗೆರೆ ಎಳೆಯುತ್ತಿದ್ದಳು. "ಮಾವ, ಇದು ಮೀನಿನ ರಸ್ತೆ. ನೀನು ಉಜ್ಜಿದ್ರೆ ಅದಕ್ಕೆ ದಾರಿ ತಪ್ಪತ್ತೆ," ಎಂದು ಗದರಿಸಿದ್ದಳು ಕೂಡ. ನಾಲ್ಕು ತಿಂಗಳ ಹಿಂದೆ ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟಳು. ಅಂಥ ಮಗು ಹೋಗಬಾರದಿತ್ತು.

ಮರುದಿನ ಅಕ್ಕ, ಭಾವ ಹೊಸ್ತಿಲು ದಾಟಿದ್ದೇ ತಡ, ಉಜ್ಜಪ್ಪ ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಕೂತ. ಮೀನಿನ ತೊಟ್ಟಿ ಅಕ್ರಿಲಿಕ್ಕಿನದು; ಗಾಜಿನ ಹಾಗಲ್ಲ, ಮೆದು. ಬೇಗ ಗೀರು ಬೀಳುತ್ತದೆ, ಉಜ್ಜಿದರೆ ಬೇಗ ಸವೆಯುತ್ತದೆ. ಒರಟು ಸ್ಯಾಂಡ್‌ಪೇಪರನ್ನು ನೀರಲ್ಲಿ ಅದ್ದಿ ಅದ್ದಿ, ಗೀರಿನ ತಳ ಸಿಗುವ ತನಕ ಉಜ್ಜಿದ. ತೊಟ್ಟಿಯ ಮುಖವೆಲ್ಲ ಬೆಳ್ಳಗೆ ಮಂಜಾಗಿ ಮೀನೇ ಕಾಣದಾಯಿತು. ಒಂದು ಕಡೆ ಪುಟ್ಟಿ ಪಿನ್ನನ್ನು ಒತ್ತಿ ತಿರುಗಿಸಿದ್ದಳು. ಮೀನು ಹಿಂದಿರುಗಿದ ಜಾಗವಿರಬೇಕು. ಅಲ್ಲಿ ಅವನ ಕೈ ಒಂದು ಗಳಿಗೆ ನಿಂತಿತು. ಸುಮ್ನೆ ಕೆಲಸ ನೋಡು ಎಂದು ತನ್ನನ್ನೇ ಬೈದುಕೊಂಡು ಇನ್ನಷ್ಟು ಒತ್ತಿ ಉಜ್ಜಿದ. ಆಮೇಲೆ ನುಣುಪು ಪೇಪರು, ಇನ್ನೂ ನುಣುಪಿನದು, ಕೊನೆಗೆ ಪಾಲಿಶ್ ಹಚ್ಚಿ ಮೆತ್ತನೆ ಬಟ್ಟೆ. ತೊಟ್ಟಿ ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾಯಿತು. ಬಕೆಟ್ಟಿನ ಹಾಲಿನಂಥ ನೀರನ್ನು ಬಚ್ಚಲಿಗೆ ಚೆಲ್ಲಿ, ಅಲ್ಲಿನ ನೆಲವನ್ನೂ ತಿಕ್ಕಿ ತೊಳೆದ. ಕೆಲಸ ಅಂದರೆ ಹೀಗಿರಬೇಕು ಎಂದು ಒಳಗೊಳಗೇ ಬೀಗಿದ.

ಅಕ್ಕ ಬಂದವಳೇ ತೊಟ್ಟಿಯ ಮುಂದೆ ಕೂತು ಬೆರಳಿಟ್ಟಳು. ಬೆರಳು ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ಭಾವ ಗೋಡೆ ನೋಡುತ್ತ ನಿಂತ.

ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದ ಉಜ್ಜಪ್ಪ. ಕೆನ್ನೆಗೆ ಎರಡು ಬಿಗಿದಿದ್ದರೂ ಬದುಕಿಕೊಳ್ಳುತ್ತಿದ್ದ.

"ಉಜ್ಜಿದ ಪುಡಿ ಎಲ್ಲೋ?" ಎಂದಳು ಮೆಲ್ಲಗೆ.

"ನೀರಲ್ಲಿ ಹೋಯ್ತಕ್ಕ."

"ಆ ನೀರು?"

ಅವನ ಕಣ್ಣು ಬಚ್ಚಲಿನ ಕಡೆ ಹೋಯಿತು. ಅವಳು ಎದ್ದು ಅಲ್ಲಿಗೆ ನಡೆದಳು. ನೀರು ಹೋಗುವ ತೂತಿನ ಜಾಲರಿ ಎತ್ತಿಟ್ಟು, ಮೊಣಕೈವರೆಗೆ ಕೈ ಇಳಿಬಿಟ್ಟು ತಡಕಾಡತೊಡಗಿದಳು. ಎಷ್ಟು ತಡಕಾಡಿದರೂ ಕೈಗೆ ಒಂದು ಚಿಟಿಕೆ ಬಿಳಿಯೂ ಹತ್ತಲಿಲ್ಲ. ಅಷ್ಟು ಚೆನ್ನಾಗಿ ತೊಳೆದಿದ್ದ ಅವನು.