ಅಲುಗದ ಸಿಂಬಲ್

"ಇವನು ಬಾರಿಸ್ತಾನೇ ಇಲ್ಲ ಕಣೇ."

ಮಾತು ಬಾಯಿಂದ ಜಾರಿದ ಮೇಲೆ ದೇವರಾಜ್ ನಾಲಿಗೆ ಕಚ್ಚಿಕೊಂಡ. ಚಟ್ನಿಗೆ ದೋಸೆ ಅದ್ದುತ್ತಿದ್ದ ಮಗಳು ಮಧುಶ್ರೀಯ ಕೈ ಅಲ್ಲೇ ನಿಂತಿತು. ನೀರಿನ ಚೊಂಬಿಗೆ ಒರಗಿಸಿಟ್ಟ ಅವಳ ಮೊಬೈಲಿನಲ್ಲಿ ಕೊರಿಯಾದ ನಾಲ್ಕು ಹುಡುಗರು ಯಾವುದೋ ಟೀವಿ ಕಾರ್ಯಕ್ರಮದ ವೇದಿಕೆ ಮೇಲೆ ಹಾಡುತ್ತಿದ್ದರು. ಇಬ್ಬರ ಕೈಯಲ್ಲಿ ಗಿಟಾರ್, ಒಬ್ಬನ ಮುಂದೆ ಕೀಬೋರ್ಡು, ಹಿಂದೆ ಡ್ರಮ್ ಸೆಟ್ಟಿಗೆ ಕೂತ ಕನ್ನಡಕದ ಹುಡುಗನೊಬ್ಬ.

"ಏನಂದೆ?"

"ಸಿಂಬಲ್ ನೋಡು. ಕೋಲು ಬಿದ್ರೆ ಆ ತಟ್ಟೆ ಒಂದು ಗಳಿಗೆಯಾದ್ರೂ ಅಲ್ಲಾಡ್ಬೇಕು. ಇದು ಗೋಡೆಗೆ ಮೊಳೆ ಹೊಡ್ದಂಗೆ ನಿಂತಿದೆ. ಸದ್ದು ಬೇರೆ ಕಡೆಯಿಂದ ಬರ್ತಿದೆ."

ಮಧುಶ್ರೀ ವಿಡಿಯೋ ಹಿಂದಕ್ಕೆ ಎಳೆದು ಮತ್ತೆ ನೋಡಿದಳು. ಇನ್ನೊಮ್ಮೆ ನೋಡಿದಳು. ಅವಳ ಮುಖ ಪೆಚ್ಚಾಗಿದ್ದನ್ನು ನೋಡಿ ದೇವರಾಜನಿಗೆ ತನ್ನ ಬಾಯಿಗೆ ತಾನೇ ನಾಲ್ಕು ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು. ಅವಳು ಬೆಳಗ್ಗೆ ಬೆಳಗ್ಗೆ ಅಪ್ಪನ ಮುಂದೆ ಈ ವಿಡಿಯೋ ಹಿಡಿದಿದ್ದೇ 'ಭಲೇ' ಅನ್ನಿಸಿಕೊಳ್ಳುವುದಕ್ಕೆ. ಆ ಭಲೇಯನ್ನು ರೆಕಾರ್ಡು ಮಾಡಿ ಗೆಳತಿಯರ ಗ್ರೂಪಿಗೆ ಹಾಕುವುದಕ್ಕೆ.

ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಹೋಗಿ ಬರುವ ಈ ಹುಡುಗಿಯ ತರಗತಿಯಲ್ಲಿ ಅರ್ಧ ಜನಕ್ಕೆ ಕೊರಿಯಾದ ಹುಚ್ಚು. ಆದರೆ ಅವರಿಗೆ ಬೇಕಾದದ್ದು ಏಳೆಂಟು ಜನ ಸಾಲಾಗಿ ನಿಂತು, ಕೆನ್ನೆಗೆ ಮೈಕು ಸಿಕ್ಕಿಸಿಕೊಂಡು, ಒಂದೇ ಅಳತೆಯಲ್ಲಿ ಕುಣಿಯುವ ಗುಂಪುಗಳು. ವಾದ್ಯ ಹಿಡಿದು ಕೂಗಿ ಹಾಡುವ ಈ ರಾಕ್ ಬ್ಯಾಂಡು ಮಧುಶ್ರೀ ಒಬ್ಬಳಿಗೇ. "ಅಲ್ಲಿ ಪಾಪ್ ಅಂದ್ರೆ ನಮ್ಮ ಬಿ.ಎಚ್. ರೋಡ್ ಇದ್ದಂಗೆ ಅಪ್ಪ, ಯಾವಾಗ್ಲೂ ಜನ. ರಾಕ್ ಅಂದ್ರೆ ಅದರ ಪಕ್ಕದ ಸಂದಿ. ಸಂದಿಗೆ ಯಾರೂ ಬರಲ್ಲ" ಎಂದು ಅವಳೇ ಒಮ್ಮೆ ಅಪ್ಪನಿಗೆ ಬಿಡಿಸಿ ಹೇಳಿದ್ದಳು. ಗೆಳತಿ ಸುಶ್ಮಿತಾ ರೇಗಿಸಿದಾಗಲೆಲ್ಲ ಇವಳದು ಒಂದೇ ಉತ್ತರ: ನಿಮ್ಮವರು ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕ್ಕೊಂಡು ಕುಣೀತಾರೆ, ನಮ್ಮವರು ಬಾರಿಸ್ತಾರೆ. ನಮ್ಮಪ್ಪ ಡ್ರಮ್ಮರ್, ನಂಗೆ ಗೊತ್ತಾಗುತ್ತೆ.

"ನಿಂಗೆ ಅಷ್ಟು ಬೇಗ ಹೆಂಗೆ ಗೊತ್ತಾಯ್ತು?" ಎಂದಳು ಈಗ.

"ಇಪ್ಪತ್ತೈದು ವರ್ಷ ಬಾರಿಸಿದೀನಿ. ಗೊತ್ತಾಗಲ್ವಾ?" ಎಂದ ದೇವರಾಜ್. ಅರ್ಧ ನಿಜ.

ಉಳಿದರ್ಧವನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ. ಲಾಕ್‌ಡೌನ್ ಮುಗಿದ ಮೇಲೆ ಆರ್ಕೆಸ್ಟ್ರಾದ ಮಾಲೀಕ ಉಮಾಮಹೇಶ್ವರ ಗಿಟಾರಿನವನನ್ನೂ ಕೊಳಲಿನವನನ್ನೂ ಬಿಟ್ಟು, ವಾದ್ಯಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ತುಂಬಿಸಿದ್ದ. ಹಾಡುಗಾರರು ನಿಜವಾಗಿ ಹಾಡುತ್ತಾರೆ, ಮಿಕ್ಕಿದ್ದೆಲ್ಲ ಟ್ರ್ಯಾಕು. ಆದರೆ ವೇದಿಕೆ ಬೋಳಾಗಿ ಕಾಣಬಾರದಲ್ಲ? ಅದಕ್ಕೆ ಡ್ರಮ್ ಸೆಟ್ಟೊಂದನ್ನು ಉಳಿಸಿಕೊಂಡ, ಅದರ ಹಿಂದೆ ದೇವರಾಜನನ್ನೂ ಉಳಿಸಿಕೊಂಡ. ಸದ್ದು ಹಾಡುಗಾರರ ಮೈಕಿಗೆ ಹೋಗದ ಹಾಗೆ ಸಿಂಬಲ್ ಅಡಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದು, ಕಾಲಲ್ಲಿ ಒದೆಯುವ ದೊಡ್ಡ ಡ್ರಮ್ಮಿನ ಹೊಟ್ಟೆಗೆ ಹಳೇ ರಗ್ಗು ತುರುಕಿದ್ದು ದೇವರಾಜನೇ. ಐದು ವರ್ಷದಿಂದ ಅವನ ಕೈ ಗಾಳಿಯಲ್ಲಿ ಆಡುತ್ತಿತ್ತು. ಆ ಕೊರಿಯಾದ ಹುಡುಗನನ್ನು ಎರಡು ನಿಮಿಷದಲ್ಲಿ ಹಿಡಿದಿದ್ದು ಕಳ್ಳನ ಕಣ್ಣು.

ಸಂಜೆ ಮಧುಶ್ರೀ ಬಸ್ಸಿಳಿದು ಓಡಿಕೊಂಡೇ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರುವಾಯಿತು.

"ಅಪ್ಪ, ನೀನು ಹೇಳಿದ್ದು ಸರಿ. ಆ ಟೀವಿ ಪ್ರೋಗ್ರಾಮಲ್ಲಿ ಒಂದು ಗುಂಪು ಇಳಿದ ತಕ್ಷಣ ಇನ್ನೊಂದು ಹತ್ಬೇಕಂತೆ. ಡ್ರಮ್ಮಿಗೆ ಮೈಕ್ ಹಾಕೋಕೆ ಟೈಮೇ ಇರಲ್ವಂತೆ. ಅದಕ್ಕೆ ಬ್ಯಾಂಡಿನೋರಿಗೆಲ್ಲ ಬಾರ್ಸೋ ಥರ ಆಕ್ಟ್ ಮಾಡಿ ಅಂತಾರಂತೆ. ಆದ್ರೆ ಕೊನೇಲಿ ನೋಡು."

ಅವಳು ವಿಡಿಯೋದ ಕೊನೆ ತೋರಿಸಿದಳು. ಕನ್ನಡಕದ ಹುಡುಗ ಹಾಡು ಇನ್ನೂ ನಡೆಯುತ್ತಿರುವಾಗಲೇ ಕೋಲುಗಳನ್ನು ಕೆಳಗಿಟ್ಟು, ಬಾಟಲಿ ಎತ್ತಿ ನೀರು ಕುಡಿದ. ಡ್ರಮ್ಮಿನ ಸದ್ದು ಗಡಗಡನೆ ಬರುತ್ತಲೇ ಇತ್ತು.

"ನಾನು ಇದನ್ನ ಸ್ಟೈಲು ಅಂದ್ಕೊಂಡಿದ್ದೆ. ಅಲ್ಲಪ್ಪ. ಅವನು ಸುಳ್ಳು ಹೇಳ್ಲಿಲ್ಲ. ಬಾರಿಸ್ತಿಲ್ಲ ಅಂತ ಎಲ್ಲರ ಮುಂದೇನೇ ತೋರಿಸ್ದ." ಅವಳ ಕಣ್ಣು ಹೊಳೆಯುತ್ತಿತ್ತು. "ಆದ್ರೂ ಸುಶ್ಮಿತಾ ನಗ್ತಿದಾಳೆ. ನಗ್ಲಿ ಬಿಡು. ಭಾನುವಾರ ಬಟ್ಟೆ ಅಂಗಡಿ ಓಪನಿಂಗಲ್ಲಿ ಅವಳ ಟೀಮಿನ ಕೊರಿಯನ್ ಡ್ಯಾನ್ಸ್ ಇದೆ. ಅದಕ್ಕೆ ಮುಂಚೆ ನಿಮ್ಮ ಆರ್ಕೆಸ್ಟ್ರಾ ತಾನೆ? ಎಲ್ರನ್ನೂ ಮುಂದೆ ನಿಲ್ಲಿಸ್ಕೊಂಡು ತೋರಿಸ್ತೀನಿ, ಲೈವ್ ಅಂದ್ರೆ ಏನು ಅಂತ."

ಮಗಳು ದೇವರಾಜನ ಕಾರ್ಯಕ್ರಮಕ್ಕೆ ಬಂದು ಏಳೆಂಟು ವರ್ಷವಾಗಿತ್ತು. ಚಿಕ್ಕವಳಿದ್ದಾಗ ಪ್ರತಿಯೊಂದಕ್ಕೂ ಬರುತ್ತಿದ್ದಳು, ವೇದಿಕೆಯ ಹಿಂದೆ ಬಾತುಕೋಳಿ ಚಿತ್ರದ ಹಳದಿ ರಗ್ಗು ಹೊದ್ದು ಆ ಗಲಾಟೆಯಲ್ಲೇ ನಿದ್ದೆ ಹೋಗುತ್ತಿದ್ದಳು. ಡ್ರಮ್ ನಿಂತರೆ ಎಚ್ಚರವಾಗಿ ಅಳುತ್ತಿದ್ದಳು.

ಅವನು ಹಿತ್ತಲಿಗೆ ಹೋಗಿ ಉಮಾಮಹೇಶ್ವರನಿಗೆ ಫೋನ್ ಮಾಡಿದ.

"ಉಮಣ್ಣ, ಭಾನುವಾರ ಒಂದೇ ಒಂದು ಹಾಡು ಟ್ರ್ಯಾಕಿಲ್ದೆ ಬಾರಿಸ್ಲಾ?"

"ಹುಷಾರಿದೀಯಾ ಮಾರಾಯ? ಡ್ರಮ್ಮಿಗೆ ಮೈಕೇ ಇಲ್ಲ. ಜನಕ್ಕೆ ಮೊಬೈಲಲ್ಲಿ ಕೇಳಿದಂಗೇ ಕೇಳ್ಬೇಕು. ನೀನು ಕೈಯಾಡ್ಸು, ನಗ್ತಾ ಇರು. ಅಷ್ಟೇ ನಿನ್ ಕೆಲಸ."

ಶನಿವಾರ ಎರಡು ಸಲ ಹೇಳಿಬಿಡಬೇಕೆಂದು ಮಗಳ ಹತ್ತಿರ ಹೋದ. ಒಂದು ಸಲ ಅವಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ಬಟ್ಟೆ ಮಡಿಸುತ್ತಿದ್ದಳು. ಇನ್ನೊಂದು ಸಲ, "ಅಪ್ಪ, ಕರೀ ಅಂಗಿ ಹಾಕ್ಕೋ, ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತೆ" ಎಂದಳು. ಹೇಳಲಾಗಲಿಲ್ಲ. ಹೇಡಿ, ಅಷ್ಟೇ.

ಭಾನುವಾರ ಹನ್ನೊಂದು ಗಂಟೆಗೆ ಶಿವಮೊಗ್ಗದ ನೆಹರೂ ರಸ್ತೆಯ ಹೊಸ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಬಲೂನಿನ ಕಮಾನು, ಶಾಮಿಯಾನ, ಕೂಪನ್ನಿಗೆ ಮುಗಿಬಿದ್ದ ಜನ. ಬೆಳ್ಳಿ ಬಣ್ಣದ ಜಾಕೆಟ್ಟು ಹಾಕಿದ ಐದು ಹುಡುಗಿಯರು ವೇದಿಕೆಯ ಪಕ್ಕ ಕಾಲು ಕೊಡವಿಕೊಳ್ಳುತ್ತ ನಿಂತಿದ್ದರು. ಅವರ ಮುಂದೆ ಮೊಬೈಲ್ ಎತ್ತಿ ಹಿಡಿದ ಮಧುಶ್ರೀ. "ನಮ್ಮಪ್ಪ!" ಎಂದು ಅವಳು ಕೈ ತೋರಿಸಿದ್ದು ಗದ್ದಲದಲ್ಲೂ ಅವನಿಗೆ ಕೇಳಿಸಿತು.

ಹಾಡು ಶುರುವಾಯಿತು. ದೇವರಾಜ್ ಕರೀ ಅಂಗಿಯ ತೋಳು ಮಡಿಸಿ ಕೈಯಾಡಿಸಿದ. ಐದು ವರ್ಷದ ಪಳಗಿದ ಕೈ, ಒಂದು ಏಟು ಹೆಚ್ಚಿಲ್ಲ, ಕಮ್ಮಿಯಿಲ್ಲ. ತಲೆ ಕುಣಿಸಿದ. ನಕ್ಕ ಕೂಡ. ಇದೊಂದು ಅರ್ಧ ಗಂಟೆ ಕಳೆದರೆ ಬಚಾವಾದೆ ಅಂದುಕೊಂಡ.

ಎರಡನೇ ಹಾಡಿನ ನಡುವೆ ಮಗಳ ಕಡೆ ನೋಡಿದ. ಮೊಬೈಲು ಕೆಳಗಿಳಿದಿತ್ತು. ಅವಳು ಅವನ ಮುಖವನ್ನಾಗಲಿ ಕೈಯನ್ನಾಗಲಿ ನೋಡುತ್ತಿರಲಿಲ್ಲ. ಸಿಂಬಲ್ ನೋಡುತ್ತಿದ್ದಳು.

ಎಲ್ಲಿ ನೋಡಬೇಕೆಂದು ಹೇಳಿಕೊಟ್ಟವನು ತಾನೇ! ಸಿಂಬಲ್ಲಿನಿಂದ ಮಧುಶ್ರೀಯ ಕಣ್ಣು ನಿಧಾನವಾಗಿ ಅವನ ಮುಖಕ್ಕೆ ಬಂತು. ಬಾಯಿ ಸ್ವಲ್ಪ ತೆರೆದಿತ್ತು. ರಸ್ತೆಯಲ್ಲಿ ಅಪಘಾತ ಕಂಡವರ ಮುಖ ಹಾಗಿರುತ್ತದೆ. ಪಕ್ಕದಲ್ಲಿದ್ದ ಸುಶ್ಮಿತಾ ಅವಳ ಭುಜ ಅಲ್ಲಾಡಿಸಿ ಏನೋ ಕೇಳಿದಳು. ಮಧುಶ್ರೀ ಏನೂ ಇಲ್ಲವೆಂಬಂತೆ ತಲೆಯಾಡಿಸಿ, ಮತ್ತೆ ಮೊಬೈಲ್ ಎತ್ತಿ ಹಿಡಿದು, ನಗು ತಂದುಕೊಂಡಳು.

ಅಪ್ಪನ ಸುಳ್ಳನ್ನು ಅವಳು ತನ್ನ ತಲೆಗೆ ಕಟ್ಟಿಕೊಂಡಿದ್ದಳು. ಆ ನಗುವನ್ನು ಅವನಿಂದ ನೋಡಲಾಗಲಿಲ್ಲ. ಅವಳು ಬೈದಿದ್ದರೆ, ಎದ್ದು ಹೋಗಿದ್ದರೆ, ಅವನು ಇನ್ನೂ ಐದು ವರ್ಷ ಕೈಯಾಡಿಸಿಕೊಂಡು ಇರುತ್ತಿದ್ದನೇನೋ.

ದೇವರಾಜ್ ಕೋಲುಗಳನ್ನು ತೊಡೆಯ ಮೇಲಿಟ್ಟ. ಪಕ್ಕದಲ್ಲಿದ್ದ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಗಟಗಟ ನೀರು ಕುಡಿದ.

ಡ್ರಮ್ ನಿಲ್ಲಲಿಲ್ಲ. ಸ್ಪೀಕರಿನಿಂದ ಅದು ಅವನಿಲ್ಲದೆ ಗುಡುಗುತ್ತಲೇ ಇತ್ತು. ಈಗ ಕಿರುಚುತ್ತಾರೆ, ಈಗ ಕಲ್ಲು ಬೀಳುತ್ತದೆ ಎಂದು ಅವನು ಕುತ್ತಿಗೆ ತಗ್ಗಿಸಿ ಕಾದ. ಏನೂ ಆಗಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಮಗುವನ್ನು ಹೆಗಲ ಮೇಲೆ ಕುಣಿಸುತ್ತಿದ್ದ. ಹೆಂಗಸರು ಕೂಪನ್ ಎಣಿಸುತ್ತಿದ್ದರು. ಬೆಳ್ಳಿ ಜಾಕೆಟ್ಟಿನ ಹುಡುಗಿಯರು ತಾಳಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಇಷ್ಟು ವರ್ಷ ಸಿಕ್ಕಿಬೀಳುತ್ತೇನೆಂದು ಬೆವರಿದ್ದೇ ಬಂತು. ಇಲ್ಲಿ ಯಾರೂ ಅವನನ್ನು ನೋಡುತ್ತಲೇ ಇರಲಿಲ್ಲ! ಇದು ಅವನಿಗೆ ಬಡಿದ ಎರಡನೇ ಏಟು, ಮೊದಲನೆಯದಕ್ಕಿಂತ ಜೋರು.

ನೋಡುತ್ತಿದ್ದವರು ಇಬ್ಬರೇ. ಸೌಂಡ್ ಮಿಕ್ಸರಿನ ಹಿಂದೆ ಹಲ್ಲು ಕಡಿಯುತ್ತಿದ್ದ ಉಮಾಮಹೇಶ್ವರ. ಮತ್ತೆ ಮೊಬೈಲ್ ಇಳಿಸದೆ ಹಿಡಿದಿದ್ದ ಮಧುಶ್ರೀ.

ಆರ್ಕೆಸ್ಟ್ರಾ ಮುಗಿದ ಕೂಡಲೇ ಉಮಾಮಹೇಶ್ವರ ಹತ್ತಿರ ಬಂದ. "ಯಾರೂ ನೋಡ್ಲಿಲ್ಲ, ನಿನ್ ಪುಣ್ಯ. ಸೆಟ್ ಬಿಚ್ಚಿಟ್ಟು ಹೋಗು ದೇವಣ್ಣ. ಮುಂದಿನ ಪ್ರೋಗ್ರಾಮಿಗೆ ಬೇರೆಯವರನ್ನ ಕೂರಿಸ್ತೀನಿ." ಜೋರು ಮಾಡಲಿಲ್ಲ, ಅಷ್ಟು ಹೇಳಿ ಹೋದ.

ವೇದಿಕೆಯ ಮೇಲೆ ಸುಶ್ಮಿತಾಳ ಗುಂಪು ಟ್ರ್ಯಾಕಿಗೆ ಕುಣಿಯಲು ಶುರು ಮಾಡಿತು. ಚೆನ್ನಾಗಿಯೇ ಕುಣಿದರು, ಬೆಳ್ಳಿ ಜಾಕೆಟ್ಟುಗಳ ಬೆನ್ನು ಬೆವರಿಗೆ ತೊಯ್ದು ಕಪ್ಪಾಗಿತ್ತು. ದೇವರಾಜ್ ಡ್ರಮ್ ಸೆಟ್ಟನ್ನು ಹಿಂದಿನ ಗೋಡೌನ್ ಬಾಗಿಲಿಗೆ ಎಳೆದು ತಂದು ಬಿಚ್ಚಲು ಕೂತ.

ಮಧುಶ್ರೀ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ದೊಡ್ಡ ಡ್ರಮ್ಮಿನ ತೂತಿನೊಳಗೆ ಕೈ ಹಾಕಿ ತಡಕಾಡಿ, ಸಿಕ್ಕಿದ ಬಟ್ಟೆಯ ತುದಿ ಹಿಡಿದು ಎಳೆದಳು. ಧೂಳು ತುಂಬಿದ ಹಳದಿ ರಗ್ಗು ಉದ್ದಕ್ಕೆ ಹೊರಗೆ ಬಂತು. ಒಂದೊಂದಾಗಿ ಬಾತುಕೋಳಿಗಳು ಬಂದವು.

"ಇದು ಇಲ್ಲಿತ್ತಾ?" ಎಂದಳು.

ದೇವರಾಜ್ ತಲೆಯಾಡಿಸಿದ.

ಅವಳು ಕೊಡವಿ, ಮಡಿಸಿ, ಕಾಲೇಜಿನ ಬ್ಯಾಗಿಗೆ ತುರುಕಿಕೊಂಡಳು. ಆಮೇಲೆ ಸಿಂಬಲ್ ಅಡಿಗೆ ಉಗುರು ಹಾಕಿ ಟ್ಯೂಬಿನ ತುಂಡನ್ನು ಕಿತ್ತಳು. ಅಂಟು ಗಟ್ಟಿಯಾಗಿತ್ತು, ಎರಡು ಸಲ ಎಳೆಯಬೇಕಾಯಿತು. ಕೋಲೊಂದನ್ನು ಎತ್ತಿ ಅಪ್ಪನ ಕೈಗೆ ಕೊಟ್ಟಳು.

ಅವನು ಒಂದೇ ಏಟು ಹಾಕಿದ.

ಗೋಡೌನಿನಲ್ಲಿ ಸೀರೆ ಪೆಟ್ಟಿಗೆ ಜೋಡಿಸುತ್ತಿದ್ದವರು ಬೆಚ್ಚಿ ತಿರುಗಿದರು. ಸದ್ದು ಗೋಡೆಗೆ ತಾಗಿ ಕರಗಿದ ಮೇಲೂ ತಟ್ಟೆ ಅಲ್ಲಾಡುತ್ತಲೇ ಇತ್ತು. ಅದು ನಿಲ್ಲುವವರೆಗೂ ಇಬ್ಬರೂ ಅದನ್ನೇ ನೋಡುತ್ತ ಕೂತರು.